ಚಿಗುರು, ತಳಿರು, ಕುಡಿ, ಸುಳಿ ಎಲ್ಲಾ ಒಂದೇನಾ? ‘ಫ್ರೆಶ್’ಗೆ ಕನ್ನಡದಲ್ಲಿ ಏನಂತೀರಿ?

ಪದಗಂಟು
ಪ್ರೌಢಶಾಲೆ ಮಕ್ಕಳಿಗೆ ಹಂಚೋಕೆ ಎರಡು ಪುಟದ ಪದಪಟ್ಟಿ ಸಿದ್ಧ ಆಗ್ತಿದೆ. ವಸಂತ, ಹರೆಯ, ಹೊಸತನ ಈ ಮೂರರ ಸುತ್ತ ಇರೋ ಪದಗಳು. ಈವರೆಗೆ ಸೇರಿರೋದು: ಚಿಗುರು, ತಳಿರು, ಕುಡಿ, ಸುಳಿ, ಮೊಳಕೆ, ಮೊಗ್ಗು, ಎಳೆ, ಹಸಿ, ತಾಜಾ, ಹರೆಯ, ಪ್ರಾಯ, ಜವ್ವನ, ಸುಗ್ಗಿ, ವಸಂತ.

ತೊಡಕು ಮೂರು ಕಡೆ. ಒಂದು, ಚಿಗುರು, ತಳಿರು, ಕುಡಿ, ಸುಳಿ ಎಲ್ಲದಕ್ಕೂ ನಿಘಂಟು ‘ಎಳೆಯ ಎಲೆ’ ಅಂತಲೇ ಮುಗಿಸುತ್ತೆ. ವ್ಯತ್ಯಾಸ ಇದೆಯಾ? ಎರಡು, ‘ಫ್ರೆಶ್’ ಅನ್ನೋದಕ್ಕೆ ತಾಜಾ ಬಿಟ್ಟು ನಮ್ಮದೇ ಪದ ಯಾವುದು? ಮೂರು, ಸುಗ್ಗಿಯನ್ನ ವಸಂತದ ಪಟ್ಟಿಯಲ್ಲಿ ಇಡಬಹುದಾ? ಮಕ್ಕಳ ಕೈಗೆ ತಪ್ಪು ಹೋಗಬಾರದು. ಬಲ್ಲವರು ತಿದ್ದಿ.

ತೋಟದಮನೆ
ಒಂದೇ ಅಲ್ಲ. ತೋಟದ ಕೆಲಸದಲ್ಲಿ ಈ ನಾಲ್ಕನ್ನ ಅದಲುಬದಲು ಮಾಡಿದ್ರೆ ಆಳಿಗೆ ಕೆಲಸವೇ ತಿಳಿಯಲ್ಲ.

ಸುಳಿ ಅಂದ್ರೆ ನಡುವಿನಿಂದ ಸುತ್ತಿಕೊಂಡೇ ಮೇಲೆ ಬರುವ ಎಲೆ. ಬಾಳೆ, ಅಡಿಕೆ, ತೆಂಗು, ಜೋಳ, ಕಬ್ಬು ಇವಕ್ಕೆ ಮಾತ್ರ. ಮಾವಿಗೆ ಸುಳಿ ಇಲ್ಲ. ತೆಂಗು ಅಡಿಕೆಗೆ ಸುಳಿ ಒಂದೇ. ಅದು ಕೊಳೆತರೆ ಮರ ಹೋಯ್ತು, ಅದಕ್ಕೇ ‘ಸುಳಿಕೊಳೆ’ ಅಂದ್ರೆ ಬೆಳೆಗಾರರು ಅಷ್ಟು ಹೆದರೋದು. ಜೋಳದಲ್ಲಿ ಸುಳಿನೊಣದ ಹುಳು ಒಳಗೆ ತಿಂದರೆ ನಡುವಿನ ಎಲೆ ಒಂದೇ ಒಣಗುತ್ತೆ, ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುತ್ತೆ, ಬುಡ ಕೊಳೆತು ನಾರುತ್ತೆ.

ಕುಡಿ ಅಂದ್ರೆ ತುದಿ. ಬಳ್ಳಿ ಎತ್ತ ಹಬ್ಬುತ್ತೋ ಆ ತುದಿ. ಕುಂಬಳದ ಕುಡಿ, ವೀಳ್ಯದ ಕುಡಿ, ಚಹಾದ ಕುಡಿ.

ಚಿಗುರು ಅಂದ್ರೆ ಕೊಂಬೆ ಮೇಲೆ ಎಲ್ಲೇ ಆಗಲಿ ಹೊಸದಾಗಿ ಒಡೆದದ್ದು. ಎಲೆ ಮಾತ್ರ ಅಲ್ಲ, ಆ ಎಳೆ ಕಡ್ಡಿ ಸೇರಿ ಚಿಗುರು.

ಮೊಳಕೆ ಬೀಜದಿಂದ. ಅದನ್ನ ಇವುಗಳ ಜೊತೆ ಬೆರೆಸಲೇಬೇಡಿ.

ಕಡಲಕರೆ
ಕುಡಿ ತುದಿ ಅನ್ನೋದಕ್ಕೆ ಊಟದ ಎಲೆಗಿಂತ ದೊಡ್ಡ ಸಾಕ್ಷಿ ಬೇಡ ಮಾರಾಯ್ರೆ. ‘ಕುಡಿ ಬಾಳೆಎಲೆ’ ಅಂದ್ರೆ ಎಳೆ ಎಲೆ ಅಲ್ಲ, ಚೆನ್ನಾಗಿ ಬಲಿತ ಎಲೆಯ ತುದಿ ಭಾಗ. ಉಣ್ಣುವವನ ಎಡಕ್ಕೆ ಆ ಚೂಪು ತುದಿ ಬರುವ ಹಾಗೆ ಹಾಕ್ತಾರೆ. ನಿಜವಾಗಿ ಎಳತು ಎಲೆ ಹಾಕಿದ್ರೆ ಬಿಸಿ ಅನ್ನ ಬಿದ್ದ ಕೂಡಲೇ ಸೀಳಿ ಸಾರು ನೆಲಕ್ಕೆ ಹೋಗ್ತದೆ.

ನುಡಿಜಾಡು
ಹಾಗೇ ಕುಡಿನೋಟ ಕಣ್ಣಿನ ತುದಿಯ ನೋಟ, ಕುಡಿಮೀಸೆ ತುದಿ ತಿರುವಿದ ಮೀಸೆ. ಹರೆಯದ ಹುಡುಗನ ಮೂಡುತ್ತಿರೋ ಮೀಸೆ ಬೇಕಿದ್ರೆ ‘ಚಿಗುರುಮೀಸೆ’ ಅನ್ನಿ. ಈ ಎರಡನ್ನ ಬದಲಾಯಿಸಿ ಬರೆದ ಕಥೆಗಳು ಬೇಕಾದಷ್ಟಿವೆ.

ಬನದಹಾದಿ
ತಳಿರು? ಅದನ್ನ ಯಾರೂ ಮುಟ್ಟಲೇ ಇಲ್ಲ.

ನುಡಿಜಾಡು
ತಳಿರು ಹಳಗನ್ನಡದ್ದು. ಆಗ ಅದು ಕ್ರಿಯಾಪದವೂ ಹೌದು, ಮರ ತಳಿರುತ್ತಿತ್ತು. ಅರ್ಥ ಎಳೆಯ ಎಲೆ ಅಷ್ಟೇ, ಕಡ್ಡಿ ಸೇರಲ್ಲ. ಕೆಂಪು + ತಳಿರು = ಕೆಂದಳಿರು, ತ ಹೋಗಿ ದ ಬಂದಿದೆ, ಆದೇಶಸಂಧಿ. ಇವತ್ತು ಆಡುಮಾತಲ್ಲಿ ಬರೀ ತಳಿರು ಅನ್ನೋರು ಯಾರೂ ಇಲ್ಲ. ‘ತಳಿರು ತೋರಣ’ ಅನ್ನೋ ಜೋಡಿಯಲ್ಲಿ ಮಾತ್ರ ಉಳಿದಿದೆ.

ಮಂಡ್ಯದ_ಮಣ್ಣು
ತಳಿರು ಅಂದ್ರೆ ಎಳೆ ಎಲೆ ಅನ್ನೋದಾದ್ರೆ ತೋರಣಕ್ಕೆ ಯಾಕೆ ಬಲಿತ ಎಲೆ ಕಟ್ತಾರೆ ಸಾರ್? ಕೆಂಚಗೆ ಜೋತು ಬಿದ್ದಿರೋ ಮಾವಿನ ಚಿಗುರನ್ನ ಯಾರಾದ್ರೂ ಬಾಗ್ಲಿಗೆ ಕಟ್ಟಿದ್ದು ಉಂಟಾ? ಹಂಗಾಗಿ ನಿಮ್ ಅರ್ಥ ತಪ್ಪು.

ನುಡಿಜಾಡು
ಅರ್ಥ ತಪ್ಪಲ್ಲ. ಹೆಸರು ಹಳೇದು ಉಳೀತು, ಕಟ್ಟೋ ಎಲೆ ಬೇರೆ ಆಯ್ತು.

ತೋಟದಮನೆ
ಇಬ್ಬರದೂ ಸರಿ. ಮಾವಿನ ಚಿಗುರು ಮೊದಲು ತಾಮ್ರದ ಬಣ್ಣ, ಮುಟ್ಟಿದರೆ ಒದ್ದೆ ಬಟ್ಟೆ ಹಾಗೆ ಮೆತ್ತಗೆ, ಕೆಳಮುಖ ಜೋತಾಡುತ್ತೆ. ಆಮೇಲೆ ತಿಳಿಹಸಿರು, 3–4 ವಾರಕ್ಕೆ ಕಡುಹಸಿರಾಗಿ ಸೆಟೆದು ನಿಲ್ಲುತ್ತೆ. ಕೆಂಚಗಿದ್ದಾಗ ಎಲೆಯ ಮೇಲಿನ ಮೇಣದ ಪದರ ಇನ್ನೂ ಕೂತಿರಲ್ಲ, ನರವೂ ಗಟ್ಟಿ ಇರಲ್ಲ. ಕೊಯ್ದು ಕಟ್ಟಿದರೆ ನೀರಾರಿ ಮಧ್ಯಾಹ್ನದೊಳಗೆ ಸುರುಟಿ ಕಪ್ಪಾಗುತ್ತೆ. ಬಲಿತ ಎಲೆ ಒಣಗಿದರೂ ಆಕಾರ ಬಿಡಲ್ಲ.

ತೋರಣಕ್ಕೆ ಹೋದ ಸಾಲಿನ ಕಡುಹಸಿರು ಎಲೆ ತಗೊಳ್ಳಿ, ತೊಟ್ಟು ಒಂದು ಇಂಚು ಇರಲಿ. ಬುಡದ ಕಡೆಯಿಂದ ಒಂದು ಇಂಚು ಹುರಿಯ ಮೇಲೆ ಹಿಂದಕ್ಕೆ ಮಡಚಿ, ಪೊರಕೆಕಡ್ಡಿ ಚೂರನ್ನ ಅಡ್ಡಡ್ಡ ಚುಚ್ಚಿ. ಉದ್ದುದ್ದ ಚುಚ್ಚಿದರೆ ನಡುನರ ಸೀಳಿ ಎಲೆ ಜಾರುತ್ತೆ. ಮೂರೂವರೆ ಅಡಿ ಬಾಗಿಲಿಗೆ 2 ಇಂಚಿಗೊಂದರಂತೆ 21 ಎಲೆ.

ಮಂಡ್ಯದ_ಮಣ್ಣು
ಕಡ್ಡಿ ಅಡ್ಡಡ್ಡ ಅನ್ನೋದು ಸರಿಯಾದ ಮಾತು. ಒಪ್ದೆ.

ಸಂತೆಬೀದಿ
ಎರಡನೇ ಪ್ರಶ್ನೆಗೆ ಬರ್ತೀನಿ. ‘ಫ್ರೆಶ್’ಗೆ ಒಂದೇ ಪದ ಹುಡುಕೋದನ್ನ ಮೊದಲು ಬಿಡಿ. ಕನ್ನಡದಲ್ಲಿ ಅದು ನಾಲ್ಕೈದು ಬೇರೆ ಬೇರೆ ಗುಣ. ಯಾವ ಪದ ಹಾಕಬೇಕು ಅಂತ ಗೊತ್ತಾಗಬೇಕಾದ್ರೆ ಅದರ ಎದುರು ಪದ ಯಾವುದು ಅಂತ ಕೇಳಿ ನೋಡಿ.

ಬೆಂಡೆಕಾಯಿ ಎಳೇದು, ಎದುರು ಪದ ಬಲಿತದ್ದು. ಮೀನು ಹಸಿ, ಎದುರು ಪದ ಒಣ. ಅಕ್ಕಿ ಹೊಸದು, ಎದುರು ಪದ ಹಳೇದು. ಅನ್ನ ಬಿಸಿ, ಎದುರು ಪದ ತಂಗಳು. ಸೊಪ್ಪಿಗೆ ಎದುರು ಪದ ಬಾಡಿದ್ದು, ಹಾಗಾಗಿ ಅಲ್ಲಿ ‘ನಳನಳಿಸೋ ಸೊಪ್ಪು’ ಅಥವಾ ‘ಈಗ ಕಿತ್ತ ಸೊಪ್ಪು’.

ಈಗ ನೋಡಿ, ಒಂದೇ ಬೆಂಡೆಕಾಯಿ ಇವತ್ತು ಬೆಳಿಗ್ಗೆ ಕಿತ್ತದ್ದಾಗಿರಬಹುದು, ಆದ್ರೂ ಬಲಿತಿರಬಹುದು. ತಾಜಾ ಹೌದು, ಎಳೇದಲ್ಲ. ತುದಿ ಮುರಿದ್ರೆ ಪಟಕ್ಕಂತ ಮುರಿಯೋದು ಎಳೇದು, ನಾರು ಎಳ್ಕೊಂಡು ಬಾಗೋದು ಬಲಿತದ್ದು. ಹಾಗೇ ಹಳೇ ಅಕ್ಕಿ ಕೆಟ್ಟಿಲ್ಲ. ಹೊಸ ಅಕ್ಕಿ ಅನ್ನ ಮುದ್ದೆ ಆಗುತ್ತೆ ಅಂತ ಹಳೇ ಅಕ್ಕಿಗೇ ದುಡ್ಡು ಜಾಸ್ತಿ ಕೊಡ್ತಾರೆ.

ಧಾರವಾಡ_ಫೇಡೆ
ಭಾಳ ಚಲೋ ಹೇಳಿದ್ರಿ. ಎದುರು ಪದದ ಪರೀಕ್ಷೆ ಪಟ್ಟಿಯೊಳಗ ಹಾಕ್ರಿ, ಹುಡುಗರಿಗೆ ತಾವಾ ತಿಳೀತದ. ಆದ್ರ ತಾಜಾ ಯಾಕ ತೆಗೀಬೇಕು? ಫಾರ್ಸಿಯಿಂದ ಬಂದದ್ದು ಖರೆ. ನಮ್ಮ ಕಡೆ ಸಂತ್ಯಾಗ ‘ತಾಜಾ ಅದ ನೋಡ್ರಿ’ ಅಂತ ಮುದುಕೇರೂ ಕೂಗ್ತಾರ. ದವಾಖಾನಿ, ಅಂಗಡಿ, ಜಮೀನು, ಕಾಗದ ಇವೆಲ್ಲ ಎಲ್ಲಿಂದ ಬಂದವು?

ಅಚ್ಚಗನ್ನಡ
ಬಳಕೆಯಲ್ಲಿರೋದು ಬೇರೆ, ಮಕ್ಕಳಿಗೆ ಮಾದರಿ ಅಂತ ಕೊಡೋದು ಬೇರೆ. ಹೊಸ, ಹಸಿ, ಎಳೆ, ಬಿಸಿ ಇಷ್ಟು ಇರುವಾಗ ತಾಜಾ ಬೇಡ. ಅಂಗಡಿ ಫಾರ್ಸಿ ಅಲ್ಲ, ಅದನ್ನ ಆ ಸಾಲಿಗೆ ಸೇರಿಸಬೇಡಿ.

ಧಾರವಾಡ_ಫೇಡೆ
ಅಂಗಡಿ ಹಿಂದಕ್ಕ ತಗೊಂಡೆ. ತಾಜಾ ಹಿಂದಕ್ಕ ತಗೊಳ್ಳಂಗಿಲ್ಲ. ‘ತಾಜಾ ಸುದ್ದಿ’ಗೆ ನೀವು ಹಸಿ ಸುದ್ದಿ ಅಂತೀರೇನು?

ಸಂತೆಬೀದಿ
ಅಲ್ಲೇ ಇದೆ ನೋಡಿ. ‘ಹಸಿ ಸುಳ್ಳು’ ಇದೆ, ‘ಹಸಿ ಸುದ್ದಿ’ ಇಲ್ಲ. ಹಸಿ ಅಂದ್ರೆ ಬೇಯದ್ದು, ಒಣಗದ್ದು, ಮಾಯದ್ದು: ಹಸಿ ಗೋಡೆ, ಹಸಿ ಗಾಯ, ಹಸಿ ಬಾಣಂತಿ. ಹಣ್ಣಿನ ಅಂಗಡಿಗೆ ‘ಹಸಿ ಹಣ್ಣು’ ಅಂತ ಬೋರ್ಡ್ ಬರೆದ್ರೆ ಕಾಯಿ ಅಂತ ಗಿರಾಕಿ ಮುಂದಕ್ಕೆ ಹೋಗ್ತಾನೆ. ಹಣ್ಣಿಗೆ ತಾಜಾ ಹಾಕಿ, ತಪ್ಪೇನಿಲ್ಲ.

ಕಾವೇರಿದಡ
ಹಸುಗೂಸು ಅನ್ನೋದೂ ಈ ಹಸಿಯಿಂದಲೇನಾ? ಹಸುವಿನ ಹಾಲು ಕುಡಿಯೋ ಕೂಸು ಅಂತ ಎಲ್ಲೋ ಓದಿದ್ದೆ.

ನುಡಿಜಾಡು
ಹಸುವಿಗೂ ಅದಕ್ಕೂ ಸಂಬಂಧ ಇಲ್ಲ. ದನ ಅನ್ನೋ ಅರ್ಥದ ಹಸು ಸಂಸ್ಕೃತದ ಪಶುವಿನ ತದ್ಭವ. ಹಸುಗೂಸು, ಹಸುಳೆ ಇವು ನಮ್ಮ ಪಸು, ಪಸಿ, ಪಸಿರ್ ಅನ್ನೋ ಗುಂಪಿನವು. ಹಸಿರು, ಹಸಿ, ಹಚ್ಚಹಸಿರಿನ ಹಚ್ಚ, ಮೈಮೇಲೆ ಹಾಕಿಸೋ ಹಚ್ಚೆ ಎಲ್ಲಾ ಒಂದೇ ಬೇರು. ಹಚ್ಚೆ ಹಸಿರಾಗಿ ಕಾಣುತ್ತೆ ಅಂತ ಆ ಹೆಸರು.

ಪಕಾರ ಹಕಾರ ಆದದ್ದು ಮಕ್ಕಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೆ ಪಟ್ಟಿ ಸಿಗಲ್ಲ: ಪೊಸ–ಹೊಸ, ಪೂ–ಹೂ, ಪಣ್–ಹಣ್ಣು, ಪಸಿರ್–ಹಸಿರು. ತುಳುವಿನಲ್ಲಿ ಇವತ್ತಿಗೂ ಪೊಸ. ಕೊಡಗಿನ ಹೊಸ ಅಕ್ಕಿ ಹಬ್ಬ ಅಲ್ಲಿನವರ ಬಾಯಲ್ಲಿ ಪುತ್ತರಿ, ಪುದಿಯ ಅರಿ ಅಂದ್ರೆ ಹೊಸ ಅಕ್ಕಿ. ಕನ್ನಡದವರ ಬಾಯಲ್ಲಿ ಅದೇ ಹುತ್ತರಿ.

ಕಡಲಕರೆ
ನಮ್ಮಲ್ಲಿ ಹೊಸ ಅಕ್ಕಿ ಊಟಕ್ಕೆ ‘ಹೊಸ್ತು’ ಅಂತಾರೆ. ಅದನ್ನೂ ಹಾಕಿ. ಆದ್ರೆ ಹೊಸ್ತು, ಹುತ್ತರಿ ಎರಡೂ ವಸಂತದಲ್ಲಿ ಬರೂದಿಲ್ಲ, ಭತ್ತ ತೆನೆ ಬಂದ ಕಾಲಕ್ಕೆ. ‘ಹೊಸತು’ ಅಂತ ಕಂಡ ಕೂಡಲೇ ವಸಂತಕ್ಕೆ ಸೇರಿಸಬೇಡಿ.

ಪದಗಂಟು
ಎಳೆ ಬಗ್ಗೆ ಒಂದು ಅನುಮಾನ. ದಾರದ ಎಳೆ, ಹಗ್ಗ ಎಳೆ, ಎಳೆ ಸೌತೆಕಾಯಿ. ಮೂರಕ್ಕೂ ಸಂಬಂಧ ಇದೆಯಾ? ಎಳೆದಷ್ಟು ಉದ್ದ ಆಗೋದು ದಾರ, ದಾರದಷ್ಟು ಸಣ್ಣದು ಎಳೆ ಕಾಯಿ ಅಂತ ವಿವರಿಸಬಹುದಾ?

ನುಡಿಜಾಡು
ದಯವಿಟ್ಟು ಬೇಡ. ಮೂರೂ ಬೇರೆ ಪದಗಳು. ಮೊದಲು ಬರವಣಿಗೆಯಲ್ಲೂ ಬೇರೆ ಇದ್ದವು. ದಾರದ ಎೞೆ ಮತ್ತು ಜಗ್ಗುವ ಎೞೆ ಹಳಗನ್ನಡದ ೞ ಅಕ್ಷರದವು, ತಮಿಳಲ್ಲಿ ಇೞೈ, ಇೞು. ಎಳೆಯದು ಅನ್ನೋದು ಮಾತ್ರ ಮೊದಲಿಂದ ಳಕಾರವೇ, ತಮಿಳಲ್ಲಿ ಇಳ. ೞ ಅಕ್ಷರ ಕನ್ನಡದಿಂದ ಬಿದ್ದು ಹೋದ ಮೇಲೆ ಮೂರೂ ಒಂದೇ ರೂಪಕ್ಕೆ ಬಂದು ಕೂತವು.

ಎಳೆಯ ಸಂಸಾರ ದೊಡ್ಡದು: ಎಳನೀರು, ಎಳಬಿಸಿಲು, ಎಳಗರು, ಎಳನಗೆ, ಎಳವೆ, ಎಳಸು. ಕರಾವಳಿಯಲ್ಲಿ ‘ಎಳವೆಯಲ್ಲಿ’ ಅಂದ್ರೆ ಬಾಲ್ಯದಲ್ಲಿ. ಎಳಸು ಹೊಗಳಿಕೆ ಅಲ್ಲ, ಹದಕ್ಕೆ ಬಾರದ್ದು ಅಂತ. ಎಳೆಯ ಹುಡುಗ ಬೇರೆ, ಎಳಸು ಹುಡುಗ ಬೇರೆ.

ಬಯಲುಸೀಮೆ
ಕಾಯಿ ವಯಸ್ಸಿಗೂ ಪದಗಳಿವೆ. ಹೂ ಉದುರಿದ ಕೂಡಲೇ ನಿಲ್ಲೋದು ಹೀಚು. ಆಮೇಲೆ ಮಿಡಿ. ಆಮೇಲೆ ಕಾಯಿ. ಹಣ್ಣಾಗೋಕೆ ಮುಂಚೆ ದೋರೆಗಾಯಿ, ಅರ್ಧ ಹುಳಿ ಅರ್ಧ ಸಿಹಿ. ಆಮೇಲೆ ಹಣ್ಣು. ಸೀಬೆ ತಿನ್ನೋರಿಗೆ ದೋರೆಗಾಯಿನೇ ರುಚಿ.

ಕಡಲಕರೆ
ಹಲಸಿಗೆ ಹೀಚು ಮಿಡಿ ಇಲ್ಲ, ಗುಜ್ಜೆ. ಒಳಗೆ ಬೀಜ ಗಟ್ಟಿ ಕಟ್ಟುವ ಮೊದಲು ಪಲ್ಯಕ್ಕೆ.

ಹಿತ್ತಲಗಿಡ
ಮಿಡಿ ಮತ್ತು ಕಾಯಿಗೆ ಗೆರೆ ಎಲ್ಲಿ ಎಳೀತೀರಿ? ಉಪ್ಪಿನಕಾಯಿಗೆ ಹಾಕೋ ಮಾವಿನ ಅಪ್ಪೆಮಿಡಿ ತರೋಕೆ ಹೋದಾಗ ಮಾರೋರು ದೊಡ್ಡ ಕಾಯನ್ನೂ ಮಿಡಿ ಅಂತಲೇ ಕೊಡ್ತಾರೆ.

ತೋಟದಮನೆ
ಗಾತ್ರ ನೋಡಬೇಡಿ, ಗೊರಟು ನೋಡಿ. ಅಡ್ಡಕ್ಕೆ ಕತ್ತರಿಸಿದಾಗ ಚಾಕು ನಡುವೆ ತಡೆಯದೆ ಇಳಿದರೆ ಮಿಡಿ. ‘ಕರ್’ ಅಂತ ತಡೆದರೆ ಗೊರಟು ಕಟ್ಟಿದೆ, ಅದು ಕಾಯಿ. ಅಂಥದ್ದು ಉಪ್ಪಲ್ಲಿ ಸುಕ್ಕಾಗಲ್ಲ, ನಾಲ್ಕು ತಿಂಗಳಿಗೆ ಮೆತ್ತಗಾಗಿ ಬಿಡುತ್ತೆ.

ನಿರ್ವಾಹಕ
ಉಪ್ಪಿನಕಾಯಿಗೆ ಬೇರೆ ಚರ್ಚೆ ತೆರೆಯಬಹುದು. ಇಲ್ಲಿ ಪದಗಳ ಕಡೆ ಇರಲಿ.

ಮಂಡ್ಯದ_ಮಣ್ಣು
ಹರೆಯದ ಪದಗಳಿಗೆ ಬನ್ನಿ. ಪ್ರಾಯ ಅಂದ್ರೆ ಯೌವನ. ‘ಪ್ರಾಯಕ್ಕೆ ಬಂದ ಮಗ’, ‘ಪ್ರಾಯದ ಹುಡುಗ್ರು’. ಇದ್ರಲ್ಲಿ ಅನುಮಾನನೇ ಇಲ್ಲ.

ಕಡಲಕರೆ
ನಮ್ಮಲ್ಲಿ ‘ಅವ್ರಿಗೆ ಪ್ರಾಯ ಆಯ್ತು’ ಅಂದ್ರೆ ಮುದುಕರಾದ್ರು ಅಂತ. ‘ನಿಮ್ಗೆ ಪ್ರಾಯ ಎಷ್ಟು?’ ಅಂದ್ರೆ ವಯಸ್ಸು ಎಷ್ಟು ಅಂತ. ‘ಪ್ರಾಯದವರಿಗೆ ಸೀಟು ಬಿಡಿ’ ಅಂದ್ರೆ ಬಸ್ಸಲ್ಲಿ ಹುಡುಗರು ಎದ್ದು ನಿಲ್ಬೇಕು. ಅನುಮಾನ ಇಲ್ಲ ಅಂತ ಬರೆದು ಮಂಗಳೂರಿನ ಮಕ್ಕಳನ್ನು ಕಂಗಾಲು ಮಾಡಬೇಡಿ.

ಮಂಡ್ಯದ_ಮಣ್ಣು
ಪೂರ್ತಿ ಉಲ್ಟಾ ಆಯ್ತಲ್ಲಾ!

ನುಡಿಜಾಡು
ಉಲ್ಟಾ ಅಲ್ಲ, ಜೊತೆಗೆ ಬರೋ ಪ್ರತ್ಯಯ, ಕ್ರಿಯಾಪದ ನೋಡಿ. ಮೈಸೂರು ಕಡೆಯಲ್ಲೇ ‘ವಯಸ್ಸಿಗೆ ಬಂದ’ ಅಂದ್ರೆ ಯೌವನ, ‘ವಯಸ್ಸಾಯ್ತು’ ಅಂದ್ರೆ ಮುಪ್ಪು. ವಯಸ್ಸು ಎರಡೂ ಕಡೆ ಒಂದೇ, ‘ಗೆ ಬಂದ’ ಮತ್ತು ‘ಆಯ್ತು’ ಅರ್ಥ ತಿರುಗಿಸಿವೆ. ಪ್ರಾಯಕ್ಕೂ ಅದೇ ಲೆಕ್ಕ.

ಹರೆಯ ಆ ಪ್ರಾಯದ್ದೇ ತದ್ಭವ. ಅದರಲ್ಲಿ ಮಾತ್ರ ಈ ಗೊಂದಲ ಇಲ್ಲ, ಎಲ್ಲಾ ಕಡೆ ಯೌವನವೇ. ಪಟ್ಟಿಯ ತಲೆಗೆ ಹರೆಯ ಇಡಿ.

ಜವ್ವನ ಯೌವನದ ತದ್ಭವ. ಯಕಾರ ಜಕಾರ ಆಗೋದು ಯಾತ್ರೆ–ಜಾತ್ರೆ, ಯೋಗಿ–ಜೋಗಿ, ಯಮ–ಜವ ಇವುಗಳ ಸಾಲು. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಇಂಥ ಬದಲಾವಣೆಗಳನ್ನ ಕ್ರಮವಾಗಿ ಕೂಡಿಸಿಟ್ಟಿದ್ದಾನೆ. ವಸಂತಕ್ಕೂ ತದ್ಭವ ಇದೆ, ಬಸಂತ. ವರ್ಣ–ಬಣ್ಣ, ವೀಥಿ–ಬೀದಿ ಹಾಗೆ ವಕಾರ ಬಕಾರ ಆಗಿದೆ.

ಅಚ್ಚಗನ್ನಡ
ಹದಿಹರೆಯ ಸೇರಿಸಿ. 13ರಿಂದ 19.

ಲೆಕ್ಕದಮೇಷ್ಟ್ರು
13ರಿಂದ 18 ಅನ್ನಿ. ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು, ಹದಿನೆಂಟು. ಅಲ್ಲಿಗೆ ‘ಹದಿ’ ಮುಗೀತು. ಮುಂದಿನದು ಹತ್ತೊಂಬತ್ತು. ಹಿಂದಿನವು ಹನ್ನೊಂದು, ಹನ್ನೆರಡು. ಇಂಗ್ಲಿಷಿನಲ್ಲಿ 19ಕ್ಕೂ ‘ಟೀನ್’ ಅನ್ನೋ ಬಾಲ ಇದೆ, ಕನ್ನಡದಲ್ಲಿ 19ಕ್ಕೆ ‘ಹದಿ’ ಇಲ್ಲ.

ಅಚ್ಚಗನ್ನಡ
ಪದ ಕಟ್ಟಿದ್ದು ಆ ಇಂಗ್ಲಿಷ್ ಕಲ್ಪನೆಗೇ ಅಲ್ವಾ, 19 ಸೇರಲೇಬೇಕು. ಆದ್ರೂ ಒಳ್ಳೆ ಗಮನ. ಅಡಿಟಿಪ್ಪಣಿಗೆ ಆಗುತ್ತೆ.

ಬಯಲುಸೀಮೆ
ಪಡ್ಡೆ ಹುಡುಗರು ಅನ್ನೋದನ್ನ ಮರೆತ್ರಲ್ಲ. ಮೊದಲು ಪಡ್ಡೆ ಅಂದ್ರೆ ಪ್ರಾಯಕ್ಕೆ ಬಂದ ಹೆಣ್ಣು ಕರು, ಎಮ್ಮೆಗೂ ಹಸುವಿಗೂ. ಆ ಹೆಣ್ಣು ದನದ ಹೆಸರು ಗಂಡು ಹುಡುಗರಿಗೆ ಅಂಟಿಕೊಂಡಿದೆ.

ದನದ ವಯಸ್ಸಿನ ಪದಗಳೂ ಸಾಲಾಗಿವೆ: ಕರು, ಕಡಸು, ಇನ್ನೂ ಕರು ಹಾಕದ್ದು ಮಣಕ. ಗಂಡಾದ್ರೆ ಹೋರಿಗರು, ಹೋರಿ, ಬೀಜ ಒಡೆಸಿದ ಮೇಲೆ ಎತ್ತು. ಜಾತ್ರೇಲಿ ವಯಸ್ಸನ್ನ ವರ್ಷದಲ್ಲಿ ಯಾರೂ ಹೇಳಲ್ಲ, ಹಲ್ಲಲ್ಲಿ ಹೇಳ್ತಾರೆ. ಕೆಳದವಡೆ ಮುಂದಿನ ಎಂಟು ಹಲ್ಲು ನೋಡೋದು. ಒಂದೂ ಬಿದ್ದಿಲ್ಲ ಅಂದ್ರೆ ಹಾಲುಹಲ್ಲು. ನಡುವಿನ ಜೋಡಿ ಬಿದ್ದು ಅಗಲ ಹಲ್ಲು ಬಂದ್ರೆ ಎರಡು ಹಲ್ಲು, ಸುಮಾರು 2–2½ ವರ್ಷ. ಆಮೇಲೆ ನಾಲ್ಕು, ಆರು. ಎಂಟೂ ಬಂದ್ರೆ ಬಾಯಿಗೂಡಿದ್ದು, ಹತ್ತಿರ ಹತ್ತಿರ 5 ವರ್ಷ. ಅಲ್ಲಿಂದ ಮುಂದೆ ಸವೆತ ನೋಡಿ ಅಂದಾಜು. ಉಳೋಕೆ ಪಳಗಿಸೋದು ಎರಡು ಹಲ್ಲಿನ ಹೊತ್ತಿಗೆ.

ಕಾವೇರಿದಡ
ದನದ ಜಾತ್ರೆಯಿಂದ ಸುಗ್ಗಿಗೆ ಬನ್ನಿ. ಸುಗ್ಗಿ ವಸಂತ ಅಲ್ಲ, ಸಂಕ್ರಾಂತಿ. ಪೈರು ಕೊಯ್ದು ಕಣ ಮಾಡಿ ರಾಶಿ ಪೂಜೆ. ಜನವರಿ. ಚೈತ್ರದಲ್ಲಿ ಹೊಲ ಬಟಾಬಯಲು, ಯಾವ ಸುಗ್ಗಿ?

ಧಾರವಾಡ_ಫೇಡೆ
ನಿಮ್ಮ ಹೊಲ ಬಯಲು, ನಮ್ಮ ಹೊಲದಾಗ ಹಿಂಗಾರಿ ಬಿಳಿಜೋಳ, ಕಡ್ಲಿ, ಕುಸುಬಿ. ನಮ್ಮ ಸುಗ್ಗಿ ಫೆಬ್ರುವರಿ ಮಾರ್ಚಿನಾಗ. ಅದರ ಮುಂಚೆ ಜೋಳ ಹಾಲ್ದೆನಿ ಇದ್ದಾಗ ಸೀತನಿ. ‘ಎಳೆ’ ಅನ್ನೂದು ನಾಲಿಗಿಗೆ ತಿಳೀಬೇಕಂದ್ರ ಸೀತನಿ ತಿನ್ನಬೇಕು. ಕಾಳು ಉಗುರಿಲೆ ಒತ್ತಿ ನೋಡ್ರಿ: ಬಿಳಿ ಹಾಲು ಸಿಡಿದ್ರ ಇನ್ನೂ ನಾಕೈದು ದಿನ ಬೇಕು, ನಾದಿದ ಹಿಟ್ಟಿನಂಗ ಮೆತ್ತಗ ಒತ್ತಿಕೊಂಡ್ರ ಹದ, ಉಗುರು ಇಳೀಲಿಲ್ಲಂದ್ರ ಮುಗೀತು, ರೊಟ್ಟಿಗೇ ಆಗೂದು. ಕುಳ್ಳಿನ ಕೆಂಡದಾಗ ತೆನಿ ಹೊರಳಿಸಿ, ಗ್ವಾಣಿಚೀಲದಾಗ ಹಾಕಿ ಬಡಿಗಿಲೆ ಬಡದು, ಹೊಟ್ಟು ತೂರಿ ಬಿಸಿ ಬಿಸಿ ತಿನ್ನಬೇಕು. ಉರಿಯಾಗ ಹಿಡದ್ರ ಮ್ಯಾಲ ಹೊತ್ತತದ, ಒಳಗ ಹಸೀನ ಉಳೀತದ. ಕೆಂಡಾನ ಬೇಕು.

ಕಡಲಕರೆ
ತುಳುನಾಡಲ್ಲಿ ಸುಗ್ಗಿ ಒಂದು ತಿಂಗಳ ಹೆಸರೇ. ಮೀನ ಮಾಸ, ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ಅದು ಮುಗಿದ ಮರುದಿನ ಪಗ್ಗು ತಿಂಗಳ ಒಂದನೇ ದಿನ, ಬಿಸು ಹಬ್ಬ. ಜೊತೆಗೆ ಭತ್ತದ ಬೆಳೆಯ ಹೆಸರೂ ಹೌದು: ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಹೋಳಿ ಹುಣ್ಣಿಮೆ ಹೊತ್ತಿಗೆ. ಹಾಗಾಗಿ ಸುಗ್ಗಿ ಅಂದ್ರೆ ಜನವರಿ ಅಂತ ಎಲ್ಲರ ತಲೆಗೆ ಕಟ್ಟಬೇಡಿ.

ನುಡಿಜಾಡು
ಹಳಗನ್ನಡ ಕಾವ್ಯದಲ್ಲಿ ಸುಗ್ಗಿ ಅಂದ್ರೆ ವಸಂತವೇ. ಮಾವು ತಳಿರುವುದು, ಕೋಗಿಲೆ ಕೂಗುವುದು ಎಲ್ಲಾ ಸುಗ್ಗಿಯಲ್ಲೇ. ಎರಡೂ ಅರ್ಥ ಕೊಟ್ಟು ಊರು ಸೂಚಿಸಿ.

ಕಾವೇರಿದಡ
ಕಾವ್ಯಕ್ಕೆ ಒಪ್ಪಿದೆ. ಊರಿನ ಹೆಸರು ಹಾಕದೆ ಪಟ್ಟಿಗೆ ಹಾಕಬೇಡಿ, ಅಷ್ಟೇ ನನ್ನ ಹಟ.

ಬನದಹಾದಿ
ವಸಂತ ಅಂದ್ರೆ ಚೈತ್ರ ವೈಶಾಖ ಅಂತ ಬರೆಯುವಾಗ ಒಂದು ಎಚ್ಚರ. ನಮ್ಮ ಮರಗಳು ಪಂಚಾಂಗಕ್ಕಿಂತ ಮುಂದಿರುತ್ತವೆ. ಬೂರುಗ ಜನವರಿ–ಫೆಬ್ರುವರಿಯಲ್ಲೇ ಎಲೆ ಉದುರಿಸಿ ಬರೀ ಹೂ. ಮುತ್ತುಗ ಫೆಬ್ರುವರಿ–ಮಾರ್ಚ್. ಅರಳಿ ಅದೇ ಹೊತ್ತಿಗೆ ಕೆಂಚಗೆ ಚಿಗುರುತ್ತೆ. ಮಾವು ಹೂ ಬಿಡೋದು ಡಿಸೆಂಬರಿನಿಂದ. ನಿಜವಾಗಿ ಯುಗಾದಿ ಹೊತ್ತಿಗೆ ಸರಿಯಾಗಿ ಸಿಗೋದು ಹೊಂಗೆಯ ಹೊಸ ನೆರಳು, ಬೇವಿನ ಹೂ. ಕಕ್ಕೆ ಏಪ್ರಿಲ್–ಮೇ, ಬಿಸುವಿಗೆ ಅದೇ ಹೂ.

ಹುಣಸೆ ಚಿಗುರು ಸೇರಿಸಿ. ಅದು ಪದವೂ ಹೌದು, ಅಡುಗೆಯೂ ಹೌದು. ನಸುಗೆಂಪು ತಿಳಿಹಸಿರಾಗಿದ್ದಾಗ ಒಂದು ವಾರದೊಳಗೆ ಕಿತ್ತರೆ ಸಾರಿಗೆ. ಹಸಿರು ಗಾಢವಾದ ಮೇಲೆ ಬರೀ ನಾರು.

ಕಾಫಿಕಣಿವೆ
‘ಹೂಮಳೆ’ ಹಾಕಿ ಪಟ್ಟಿಗೆ. ಕಾಫಿ ಸೀಮೆಯಲ್ಲಿ ಫೆಬ್ರುವರಿ–ಏಪ್ರಿಲ್ ನಡುವೆ ಬೀಳೋ ಮಳೆ. ಒಂದು ಇಂಚು ಬಿದ್ದರೆ 8–10ನೇ ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ. ಅರ್ಧಕ್ಕೆ ನಿಂತರೆ ಮೊಗ್ಗು ಅರೆಬಿರಿದು ಕರಟಿ ಹೋಗುತ್ತೆ, ಆ ವರ್ಷದ ಫಸಲೂ ಹೋಗುತ್ತೆ.

ಮಲ್ಲಿಗೆಚೆಂಡು
ಮೊಗ್ಗು ಒಂದೇ ಹಾಕಿದ್ದೀರಿ. ನನೆ, ಮೊಗ್ಗು, ಮುಗುಳು, ಅರೆಬಿರಿ, ಅಲರು ಇವೂ ಇವೆ. ಮುಗುಳ್ನಗೆಯ ಮುಗುಳು ಇದೇ. ಬಾಯಿ ಬಿಡದ, ತುಟಿಯಲ್ಲೇ ನಿಂತ ನಗು.

ಉಡುಪಿ ಮಲ್ಲಿಗೆ ಪೂರ್ತಿ ಮೊಗ್ಗಿನ ವ್ಯಾಪಾರ. ಬೆಳಗಿನ ಜಾವ ಬಿಳಿ ತುಂಬಿದ ಮೊಗ್ಗು ಮಾತ್ರ ಕೊಯ್ತಾರೆ. ಹಸಿರು ಛಾಯೆ ಇದ್ದದ್ದು ಮರುದಿನಕ್ಕೆ ಬಿಡಬೇಕು, ಕೊಯ್ದರೆ ಅದು ಅರಳೂದೇ ಇಲ್ಲ. ಬಾಳೆನಾರಲ್ಲಿ ಕಟ್ಟೂದು. ಲೆಕ್ಕ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ.

ಹಿತ್ತಲಗಿಡ
ಬಾಳೆನಾರೇ ಯಾಕೆ?

ಮಲ್ಲಿಗೆಚೆಂಡು
ಒದ್ದೆ ಮಾಡಿ ಕಟ್ಟಿದರೆ ತಂಪು ಹಿಡಿದುಕೊಳ್ತದೆ, ತೊಟ್ಟನ್ನು ಕೊಯ್ಯೂದಿಲ್ಲ. ಹತ್ತಿ ದಾರ ಬಿಗಿ ಆದರೆ ತೊಟ್ಟು ತುಂಡಾಗಿ ಹೂ ಉದುರ್ತದೆ.

ಅಚ್ಚಗನ್ನಡ
ತೆಂಗಾಳಿ, ತಂಗಾಳಿ ಎರಡನ್ನೂ ಹಾಕಿ, ಅಕ್ಷರ ನೋಡಿಕೊಂಡು. ತಂಗಾಳಿ ತಣ್ಣನೆ ಗಾಳಿ, ಎತ್ತಲಿಂದ ಬಂದರೂ ಸರಿ. ತೆಂಗಾಳಿ ತೆಂಕಣ ಗಾಳಿ, ವಸಂತದ್ದು, ಮಲಯಮಾರುತ ಅಂತಾರಲ್ಲ ಅದು. ಹಳಗನ್ನಡದಲ್ಲಿ ತೆಂಬೆಲರ್. ಅಚ್ಚಿನ ತಪ್ಪು ಅಂದ್ಕೊಂಡು ತೆಂಗಾಳಿಯನ್ನ ತಂಗಾಳಿ ಅಂತ ತಿದ್ದಿಬಿಡ್ತಾರೆ.

ಮಂಡ್ಯದ_ಮಣ್ಣು
ಯುಗಾದಿ ಮಾರನೇ ದಿನ ವರ್ಸತೊಡ್ಕು. ಇದರಲ್ಲಿ ತೊಡಕು ಅಂದ್ರೆ ಸಿಕ್ಕು ಅಲ್ಲ, ತೊಡಗೋದು, ಶುರು ಮಾಡೋದು. ಅವತ್ತು ಏನು ಮಾಡಿದ್ರೆ ವರ್ಷವೆಲ್ಲಾ ಅದೇ ಅಂತ ನಂಬಿಕೆ. ಹೊಸ ಎತ್ತು ಕಟ್ಟಿ ಹೂಡೋದು ಹೊನ್ನಾರು. ಎರಡೂ ಹಾಕ್ಲೇಬೇಕು.

ಕಾವೇರಿದಡ
ಹೊನ್ನಾರಿಗೆ ಹೊಸ ಎತ್ತೇ ಆಗಬೇಕಿಲ್ಲ. ಯುಗಾದಿಯ ಮೊದಲ ಉಳುಮೆ ಅದು, ಮನೇಲಿರೋ ಎತ್ತೇ ಸಾಕು. ಹೊನ್ನೇರು ಅಂತಲೂ ಅಂತಾರೆ.

ಬಯಲುಸೀಮೆ
ಸೊಗಡು? ತಾಜಾತನಕ್ಕೆ ಅದಕ್ಕಿಂತ ಗಟ್ಟಿ ಪದ ಇಲ್ಲ. ಡಿಸೆಂಬರಿನ ಸೊಗಡವರೆಯ ಸಿಪ್ಪೆ ಮೇಲೆ ಜಿಡ್ಡು ಇರುತ್ತೆ, ಬಿಡಿಸಿದ್ರೆ ಬೆರಳಿಗೆ ಅಂಟಿ ಸಂಜೆವರೆಗೂ ವಾಸನೆ ಹೋಗಲ್ಲ. ಜಿಡ್ಡು ಆರಿದ ಕಾಯಿ ನೋಡೋಕೆ ಹಸಿರಾಗೇ ಇದ್ರೂ ಸೊಗಡಿಲ್ಲ.

ಪದಗಂಟು
ಇಷ್ಟು ಬರುತ್ತೆ ಅಂದ್ಕೊಂಡಿರಲಿಲ್ಲ. ತಿದ್ದಿದ್ದು ಹೀಗೆ: ಪ್ರತಿ ಪದದ ಎದುರಿಗೆ ಅದರ ವಿರುದ್ಧ ಪದ. ಪ್ರಾಯ, ಸುಗ್ಗಿ ಎರಡಕ್ಕೂ ಊರಿನ ಹೆಸರು. ಕುಡಿ = ತುದಿ. ಸುಳಿಗೆ ಬಾಳೆಯ ಚಿತ್ರ. ಹಸುಗೂಸು ಹಸಿರಿನ ಗುಂಪಿಗೆ. ತಾಜಾ ಉಳಿಯುತ್ತೆ, ‘ಫಾರ್ಸಿಯಿಂದ’ ಅನ್ನೋ ಗುರುತಿನ ಜೊತೆ. ಕೊನರು ಅನ್ನೋದನ್ನ ಚಿಗುರಿನ ಸಮಾನಪದ ಅಂತ ಹಾಕ್ತಿದ್ದೀನಿ, ಸರಿ ತಾನೆ?

ಅಚ್ಚಗನ್ನಡ
ತಾಜಾಗೆ ನನ್ನ ಆಕ್ಷೇಪ ಹಾಗೇ ಇದೆ.

ತೋಟದಮನೆ
ಕೊನರು ಪೂರ್ತಿ ಸಮಾನ ಅಲ್ಲ. ಚೆನ್ನಾಗಿರೋ ಗಿಡ ಚಿಗುರುತ್ತೆ. ಸತ್ತಿತು ಅಂದುಕೊಂಡದ್ದು, ಕಡಿದ ಬೊಡ್ಡೆ, ಒಣಗಿದ ಕೊರಡು, ಅದು ಮತ್ತೆ ಹಸಿರಾದರೆ ಕೊನರೋದು. ‘ಕೊರಡು ಕೊನರು’ ಅಂತ ಜೋಡಿಯಾಗೇ ಬರುತ್ತೆ. ಕಬ್ಬು ಕೊಯ್ದ ಬುಡದಿಂದ ಮತ್ತೆ ಬರೋ ಬೆಳೆಗೆ ಕೂಳೆ, ಬಾಳೆ ಬುಡದ ಮರಿಗೆ ಕಂದು, ಭತ್ತ ರಾಗಿ ಬುಡದಲ್ಲಿ ಒಡೆಯೋದು ತೆಂಡೆ. ಇವು ಒಂದಕ್ಕೊಂದು ಬದಲಿ ಬರಲ್ಲ.

ಪದಗಂಟು
ಕೊನರು ಬೇರೆ ಸಾಲಿಗೆ ಹೋಯ್ತು. ಕೂಳೆ, ಕಂದು, ತೆಂಡೆ ಹೊಸದಾಗಿ ಸೇರಿದವು.

ಹಿತ್ತಲಗಿಡ
ತೋಟದಮನೆ ಅಣ್ಣ, ಆ ಮಿಡಿಗೆ ಉಪ್ಪು ಎಷ್ಟು ಅಂತ ಹೇಳಿಬಿಡಿ, ಆಮೇಲೆ ನಿರ್ವಾಹಕರು ಬಾಗಿಲು ಹಾಕಲಿ.

ತೋಟದಮನೆ
ನಾಲ್ಕು ಪಾಲು ಮಿಡಿಗೆ ಒಂದು ಪಾಲು ಕಲ್ಲುಪ್ಪು, ತೂಕದಲ್ಲಿ. ತೊಟ್ಟು ಇಟ್ಟೇ ಕೊಯ್ದಿರಬೇಕು, ನೆಲಕ್ಕೆ ಬಿದ್ದದ್ದು ಬೇಡ, ಪೆಟ್ಟಾದ ಜಾಗದಿಂದ ಕೊಳೆಯುತ್ತೆ. ತೊಳೆದು ನೀರು ಪೂರ್ತಿ ಆರಿದ ಮೇಲೆ ಪದರ ಪದರವಾಗಿ ಭರಣಿಗೆ. ದಿನಕ್ಕೊಂದು ಸಲ ಒಣ ಸೌಟಿನಿಂದ ಕೆಳಗಿನದು ಮೇಲೆ ಮಾಡಿ. 8–10 ದಿನಕ್ಕೆ ಸುಕ್ಕಾಗಿ, ಬಿಟ್ಟ ನೀರಲ್ಲೇ ಮುಳುಗಿರುತ್ತೆ. ಮೇಲೆ ತೇಲೋದನ್ನ ಕಲ್ಲು ಹೇರಿ ಅದುಮಿ, ಗಾಳಿ ತಾಗಿದ ಮಿಡಿಯೇ ಮೊದಲು ಮೆತ್ತಗಾಗೋದು.